ಬೀಗದ ಖಾನೆ

ನಾರಿನ್ ಹೊಳೆ ಹೆಪ್ಪುಗಟ್ಟಿದ ತಿಂಗಳು.
ಬುರುಲ್ಕಾನ್ ಒಲೆಗೆ ಒಣಸಗಣಿ ತುಂಬಿ
ಕೈ ತೊಳೆದು, ಮತ್ತೊಮ್ಮೆ ತೊಳೆದು
ಬೀರುವಿನ ಬಾಗಿಲು ತೆಗೆಯುತ್ತಾಳೆ.
ಅವಳು ಡಾಕ್ಟರಲ್ಲ, ಫೆಲ್ಡ್‌ಶರ್.
ಅಂದರೆ, ಡಾಕ್ಟರು ಬಾರದ ಊರಿನ ಡಾಕ್ಟರು.
ಮೂರು ಖಾನೆ. ಮೇಲೆರಡಕ್ಕೆ ಚಿಲಕ ಸಾಕು.
ಕೆಳಗಿನದರ ಬೀಗದ ಕೈ ಅವಳ ಕೊರಳಲ್ಲಿ;
ತಾಯತವೆಂದುಕೊಂಡಿದ್ದಾರೆ ಕೆಲವರು.

ಮೊದಲು ಬಂದವನು ಶೈಲೂಬೆಕ್,
ಕುದುರೆಯಿಂದ ಇಳಿಯುತ್ತಲೇ ಕೆಮ್ಮಿದ.
"ಸೂಜಿ ಹಾಕಿಬಿಡು. ಮೂರು ದಿನದಿಂದ ಮೂಗು ಹೊಳೆ."
ಎದೆಗೆ ಕೊಳವೆಯಿಟ್ಟಳು. ಬೆನ್ನಿಗಿಟ್ಟಳು.
ಒಳಗೆ ಗಾಳಿ ಸರಾಗ, ಬೇಸಿಗೆಯ ಕಣಿವೆಯಂತೆ.
"ಇದಕ್ಕೆ ಮದ್ದಿಲ್ಲ, ದಿನಗಳಿವೆ.
ಬಿಸಿ ಚಹಾ, ಬೆಣ್ಣೆ, ನಿದ್ದೆ."
ಟೊಪ್ಪಿಗೆ ಕಿವಿಗೆಳೆದು ಗೊಣಗುತ್ತ ಹೋದ.
ಅವಳು ಪುಸ್ತಕದಲ್ಲಿ ಬರೆದಳು: ಕೊಟ್ಟದ್ದು, ಏನಿಲ್ಲ.
ಆ 'ಏನಿಲ್ಲ' ಬರೆಯುವುದ ಕಲಿಯಲು
ಹನ್ನೊಂದು ವರ್ಷ ಹಿಡಿದಿತ್ತು.

ಆಮೇಲೊಬ್ಬಳು ಆರು ವರ್ಷದವಳು.
ಜ್ವರವಿದೆ, ಕೆಮ್ಮಿಲ್ಲ. ಗಂಟಲಲ್ಲಿ ಬಿಳಿ ಚುಕ್ಕೆ,
ದವಡೆಯಡಿ ಗಂಟು, ಏಪ್ರಿಕಾಟ್ ಬೀಜದಷ್ಟು.
ಮೇಲಿನ ಖಾನೆ: ಪೆನಿಸಿಲಿನ್, ಅಜ್ಜಿಯ ಕಾಲದ್ದು.
ತಾಯಿ ಮುಖ ಸಿಂಡರಿಸಿದಳು, "ಇಷ್ಟು ಅಗ್ಗದ್ದಾ?"
ಹಿತ್ತಲ ಗಿಡ ಮದ್ದಲ್ಲವೆಂಬ ಮಾತು
ಹಿತ್ತಲೇ ಇಲ್ಲದ ಈ ಎತ್ತರಕ್ಕೂ ಹತ್ತಿಬಂದಿದೆ.
"ಈ ರೋಗಾಣುವಿಗೆ ಇದರೆದುರು
ಇನ್ನೂ ಬುದ್ಧಿ ಬಂದಿಲ್ಲ ಕಣೇ.
ಹತ್ತು ದಿನ. ಮೂರನೇ ದಿನ ಕುಣಿದಾಡಿದರೂ ಹತ್ತು ದಿನ."

ನಾಲ್ಕು ಮಕ್ಕಳ ತಾಯಿ ಕನಿಶಾಯ್
ಎಲ್ಲರೂ ಹೋಗಲೆಂದು ಕಾದಳು.
ಉರಿ ಎಲ್ಲಿ ಎನ್ನಲು ನಾಚಿ
ಕಿಟಕಿಯಾಚೆಯ ಯಾಕ್ ನೋಡುತ್ತ ಹೇಳಿದಳು.
ಬೆನ್ನು ನೋವಿಲ್ಲ, ಚಳಿಯಿಲ್ಲ, ಬಸಿರಿಲ್ಲ.
ನಡುಖಾನೆಯ ಹಳದಿ ಗುಳಿಗೆ, ಐದು ದಿನಕ್ಕೆ:
ಮೈಯೆಲ್ಲ ಅಲೆಯದೆ ಮೂತ್ರಕ್ಕಿಳಿದು
ಅಲ್ಲೇ ಕೆಲಸ ಮುಗಿಸುತ್ತದೆ,
ಕರೆದ ಮನೆಗಷ್ಟೇ ಹೋಗಿ ಬರುವ ನೆಂಟ.

ರಾತ್ರಿ ಬಾಗಿಲು ಬಡಿದದ್ದು ಅವಳ ತಮ್ಮ.
ಎಸೆನ್‌ಗುಲ್. ಹಲ್ಲು ಕಟಕಟ, ಪಕ್ಕೆ ಹಿಡಿದು ಬಾಗಿದ್ದ.
ಕೋಟಿನ ಜೇಬಿನಲ್ಲಿ ಬಿಡಿಬಿಡಿ ಮಾತ್ರೆ:
ಎರಡು ಕೆಂಪು, ಒಂದು ನೀಲಿ, ಅರ್ಧ ಬಿಳಿ.
"ನೆಗಡಿಗೆ ಕೆಂಪು ತಿಂದೆ. ಹೋದ ತಿಂಗಳು ಉರಿಗೆ ನೀಲಿ.
ಸಂತೆಯಲ್ಲಿ ಒಬ್ಬ ಸೂಜಿಯನ್ನೂ ಹಾಕಿದ,
ಜೋರಿನದು ಅಂದ. ಹೋಯ್ತು, ಬಿಟ್ಟೆ. ಮತ್ತೆ ಬಂತು."
ಬೈಯಲು ಬಾಯಿ ತೆರೆದಳು, ಥರ್ಮಾಮೀಟರು ನೋಡಿ ಮುಚ್ಚಿದಳು.
ಶೀಶೆಯಲ್ಲಿ ಅವನ ಮೂತ್ರ ತುಂಬಿ, ಹೆಸರು ಬರೆದು
ಹಾಲಿನ ಲಾರಿಯಲ್ಲಿ ಪೇಟೆಗೆ ಕಳಿಸಿ,
ಕೊರಳ ಕೀಲಿ ಬಿಚ್ಚಿದಳು.
ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟುಕೊಂಡು ಬಂದವರ ಮನೆಗೆ
ಹದ್ದು ಬಂದ ಹೊತ್ತು.

ಎರಡು ದಿನ. ಜ್ವರ ಇಳಿಯಲಿಲ್ಲ.
ಮೂರನೇ ಬೆಳಗ್ಗೆ ಪೇಟೆಯ ಲ್ಯಾಬಿನಿಂದ ಅಸಿಪಾ,
ತಟ್ಟೆಯನ್ನು ಬೆಳಕಿಗೆ ಹಿಡಿದು ಫೋನಿನಲ್ಲೇ ಓದಿದಳು:
ಬೂದು ಹುಲ್ಲುಹಾಸು, ಮೇಲೆ ಕಾಗದದ ಬಿಲ್ಲೆಗಳು;
ಬಿಲ್ಲೆಯ ಬುಡದವರೆಗೂ ಹುಲ್ಲು.
"ಕೆಂಪಿನದು, ಇಲ್ಲ. ನೀಲಿಯದು, ಇಲ್ಲ."
"ನನ್ನ ಬೀಗದ್ದು?"
ತಂತಿಯಲ್ಲಿ ಗಾಳಿ.
"ಅದೂ ಇಲ್ಲ ಅಕ್ಕಾ.
ಒಂದರ ಸುತ್ತ ಮಾತ್ರ ಬಯಲಿದೆ, ನಾಣ್ಯದಗಲ.
ಅದು ಇಲ್ಲಿ ಆಸ್ಪತ್ರೆಯಲ್ಲಿದೆ. ಕರೆದುಕೊಂಡು ಬಾ."

ಹಾಲಿನ ಲಾರಿಯಲ್ಲೇ ಇಳಿದರು,
ಕ್ಯಾನುಗಳ ನಡುವೆ, ಕಂಬಳಿ ಸುತ್ತಿ.
ಅವನಿನ್ನೂ ಅಲ್ಲಿಯೇ ಇದ್ದಾನೆ.
ನಿನ್ನೆ ಗಂಜಿ ಕುಡಿದನಂತೆ.

ಎಂಟನೇ ದಿನ ಶೈಲೂಬೆಕ್ ಬಂದ,
ಜೇಬಿನ ತುಂಬ ಒಣಮೊಸರಿನ ಉಂಡೆ.
ಮೇಜಿಗೆ ಸುರಿದು, ಮೂಗೆಳೆದು ತೋರಿಸಿದ: ಸ್ವಚ್ಛ.
"ಹಿಡಿಯಿತು ನೋಡು, ನೀನು ಕೊಟ್ಟದ್ದು.
ಹೆಂಡತಿಗೆ ಶುರುವಾಗಿದೆ,
ಅದನ್ನೇ ಇನ್ನಷ್ಟು ಕೊಡು."