ದೀಪ ಅಲುಗದಿದ್ದರೆ

ವಲ್ಪರೈಸೋದಲ್ಲಿ ಎದೆ ಧಸಕ್ಕೆಂದರೆ
ಮೊದಲು ಎಲ್ಲರೂ ನೋಡುವುದು ಸೂರಿನ ದೀಪವನ್ನು.
ತೂಗಿದರೆ ಭೂಮಿ.
ತೂಗದಿದ್ದರೆ ನೀವು.

ಎದೆಲ್ಮೀರಾ ಒಯಾರ್ಸೂನ್‌ಗೆ ಅದು ಮೊದಲ ಸಲ ಬಂದದ್ದು
ಮೀನು ಹುರಿಯುವಾಗ.
ತಲೆಯೆತ್ತಿದಳಂತೆ. ದೀಪ ನೆಟ್ಟಗೆ ನಿಂತಿತ್ತು,
ತನಗೇನೂ ಗೊತ್ತಿಲ್ಲವೆನ್ನುವ ಸಾಕ್ಷಿಯ ಹಾಗೆ.
ಒಲೆ ಆರಿಸಿ, ಪಕ್ಕದ ಮನೆಯ ಬಾಗಿಲಿಗೆ ಒರಗಿ
"ನಾನು ಹೊರಟೆ, ಬೆಕ್ಕನ್ನು ನೋಡಿಕೋ" ಅಂದಳಂತೆ.

ನಾನು ರಾತ್ರಿ ಪಾಳಿಯವನು. ಇಸಿಜಿ ತೆಗೆಯುತ್ತೇನೆ.
ಹತ್ತು ತಂತಿ, ತಣ್ಣನೆಯ ಅಂಟು,
"ಮಾತು ಬೇಡ, ಅಲುಗಬೇಡಿ"
ಎಂದೆ, ನಡುಗುವುದೊಂದೇ ಉಳಿದಿದ್ದ ಹೆಂಗಸಿಗೆ.
ಕತ್ತಿನ ನಾಡಿ ಬರಿಗಣ್ಣಿಗೇ ಕಾಣುತ್ತಿತ್ತು.
ಕಾಗದ ಹೊರಬಂತು: ಓಟ ಜೋರು, ಉಳಿದದ್ದು ಅಚ್ಚುಕಟ್ಟು.
ರಕ್ತವೂ ಅದನ್ನೇ ಹೇಳಿತು,
ಮೂರು ಗಂಟೆ ಬಿಟ್ಟು ಮತ್ತೆ ಕೇಳಿದರೂ ಅದನ್ನೇ.

ಡಾಕ್ಟರ್ ಬುಸ್ತೋಸ್ ಹೇಳಿದರು:
"ಹೃದಯಕ್ಕೇನೂ ಆಗಿಲ್ಲ. ಇದು ಪ್ಯಾನಿಕ್. ಬರೀ ಗಾಬರಿ."
"ಗಾಬರಿ ಯಾರಿಗೆ?" ಅಂದಳು.
"ನಾನು ಮೀನು ಹುರಿಯುತ್ತಿದ್ದೆ."

ಆಗಸ್ಟಿನಲ್ಲಿ ಬಂದಳು. ನವೆಂಬರಿನಲ್ಲಿ ಬಂದಳು.
ನರ್ಸುಗಳು ಹುಬ್ಬು ಹಾರಿಸಲು ಕಲಿತರು.
ನಾಲ್ಕನೆಯ ಸಲ ನನ್ನ ಕೈಗೇ ಸೋಮಾರಿತನ,
ಒಪ್ಪಿಕೊಳ್ಳುತ್ತೇನೆ,
ಎಡಬಲ ಅದಲುಬದಲಾಗಿ
ಅವಳ ಎದೆ ಕಾಗದದಲ್ಲಿ ತಲೆಕೆಳಗಾಗಿ ಮೂಡಿತು.
"ಕೆಂಪು ಬಲಗೈಗಲ್ಲವೇ, ಮಗನೇ?"
ಅವಳೇ ತಿದ್ದಿದಳು, ಉಸಿರಿಗೆ ತಡಕಾಡುತ್ತಲೇ.

ಹಗ್ಗ ಕಂಡು ಹಾವೆಂದು ಹೌಹಾರಿದವರಿಗೆ
ಹೇಳುವ ಸಮಾಧಾನವನ್ನೇ ಡಾಕ್ಟರು ಅವತ್ತೂ ಹೇಳಿದರು.
ಆದರೆ ಅವಳು ಹಗ್ಗ ಬಲ್ಲವಳು.
ಗುಡ್ಡಕ್ಕೆ ಜನರನ್ನೆಳೆಯುವ ಹಳೆಯ ಗಾಡಿಯ
ಕೀಲು ಹಿಡಿದು ಇಪ್ಪತ್ತಾರು ವರ್ಷ ಕೂತವಳು.

"ರಾತ್ರಿ ಹತ್ತರ ಮೇಲೆ ನನ್ನ ಗಾಡಿ ಖಾಲಿಯೇ ಏರುತ್ತದೆ,
ಖಾಲಿಯೇ ಇಳಿಯುತ್ತದೆ.
ಉಕ್ಕಿನ ಹಗ್ಗಕ್ಕೆ ಅದೇನು ಗೊತ್ತು?
ಜನ ಇಲ್ಲವೆಂದು ಸವೆಯದೆ ಉಳಿಯುತ್ತದೆಯೇ?
ತಿಂಗಳಿಗೊಮ್ಮೆ ಮೆಕ್ಯಾನಿಕ್ ಬಂದು
ಹಳೆಬಟ್ಟೆಯಲ್ಲಿ ಉದ್ದಕ್ಕೂ ಸವರುತ್ತಾನೆ.
ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ
ಅಲ್ಲೊಂದು ಎಳೆ ಹರಿದಿದೆ ಅಂತ.
ನೀವು ಡಾಕ್ಟರು, ಗಾಡಿಯಲ್ಲಿ ಯಾರೂ ಇಲ್ಲ ಅನ್ನುತ್ತೀರಿ.
ಹಗ್ಗ ಸವರಿ ನೋಡಿದಿರಾ?"

ಬುಸ್ತೋಸ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
ಕುರ್ಚಿ ಎಳೆದುಕೊಂಡು ಕೂತರು.
ದಿನಕ್ಕೆಷ್ಟು ಸಿಗರೇಟು, ನಿದ್ದೆ ಎಷ್ಟು,
ತಾಯಿ ಯಾವ ವಯಸ್ಸಿಗೆ ಹೋದರು, ಹೇಗೆ.
ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.
ಗಂಟೆ ಬಿಟ್ಟು ಅಳೆದರೂ ರಕ್ತದೊತ್ತಡ ಇಳಿದಿರಲಿಲ್ಲ.
ಎರಡು ಚೀಟಿ ಬರೆದರು: ಒಂದು ಹೃದಯದ ವಿಭಾಗಕ್ಕೆ,
ಇನ್ನೊಂದು ನಾಲ್ಕನೇ ಮಹಡಿಯ ಪಿಚೂನ್ ಮೇಡಂಗೆ,
ಭಯದ ಜೊತೆ ಕೂತು ಮಾತಾಡುವವರು.
ಯಾವುದು ಯಾವುದಕ್ಕೆ ಮದ್ದು ಎಂದು ಕೇಳಿದೆ.
ಭುಜ ಹಾರಿಸಿದರು.
ಅವಳಿಗೆ ಮಾತ್ರ: "ಮತ್ತೆ ನೋವು ಬಂದರೆ ಬನ್ನಿ.
ಅಡುಗೆಮನೆಯಲ್ಲಿ ನಿಂತು ತೀರ್ಮಾನ ಮಾಡಬೇಡಿ."

ಐದನೆಯ ಸಲ ಕರೆಸಿದ ದಿನಕ್ಕೇ ಬಂದಳು,
ತುಟಿಗೆ ಬಣ್ಣ ಹಚ್ಚಿಕೊಂಡು.
ತಂತಿ ಹತ್ತೂ ಅಂಟಿಸಿದ್ದೆ, ಸರಿಯಾಗಿ. ಕಾಗದ ಹೊರಳುತ್ತಿತ್ತು.
ಮಂಚದ ಗಾಲಿ ಒಂದಿಂಚು ಸರಿಯಿತು.
ಟ್ರೇಯಲ್ಲಿ ಕತ್ತರಿಗಳು ಹಲ್ಲು ಕಡಿದವು.
ನಾನು ಗೋಡೆ ಹಿಡಿದೆ, ಜೀವ ಗಂಟಲಿಗೆ ಬಂದು.
ಅವಳು ಮಲಗಿದಲ್ಲಿಂದಲೇ ಸೂರು ನೋಡಿ
ಚಪ್ಪಾಳೆ ತಟ್ಟಿದಳು:
"ತೂಗುತ್ತಿದೆ! ದೀಪ ತೂಗುತ್ತಿದೆ! ಈ ಸಲ ನಾನಲ್ಲ!"

ಆ ಕಾಗದ ಓದಲಾಗಲಿಲ್ಲ. ನಲವತ್ತು ಸೆಕೆಂಡು ಬರೀ ಗೀಚು,
ಭೂಮಿಯದೆಷ್ಟೋ, ನಗುವಿನದೆಷ್ಟೋ.
ಹೊಸದು ತೆಗೆದೆ. ಹಳೆಯದನ್ನು
ಮಡಿಸಿ ಪರ್ಸಿಗೆ ಹಾಕಿಕೊಂಡಳು.
ಹೊರಡುವಾಗ ನನ್ನ ಮಣಿಕಟ್ಟು ಹಿಡಿದು
ಗೋಡೆ ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದಳು.

"ನೂರಾ ಇಪ್ಪತ್ತನಾಲ್ಕು.
ಕೂತುಕೋ ಮಗನೇ.
ಖಾಲಿ ಗಾಡಿ."