ನಲವತ್ತೊಂದನೆಯ ಪೆಟ್ಟಿಗೆ

ಯುದ್ಧ ಬರುತ್ತಿದೆಯೆಂದು ಕಿಟಕಿಗಳನ್ನೇ ಬಿಚ್ಚಿದರು.
ಏಳುನೂರು ವರ್ಷ ಬಿಸಿಲು ಕುಡಿದ ಗಾಜು
ಹುಲ್ಲು ಸುತ್ತಿಕೊಂಡು, ನಂಬರು ಹಚ್ಚಿಸಿಕೊಂಡು
ದ್ರಾಕ್ಷಾರಸದ ನೆಲಮಾಳಿಗೆಗೆ ಇಳಿಯಿತು.
ಸಂತರು, ದೇವದೂತರು, ಯೋನನನ್ನು ನುಂಗಿದ ಮೀನು,
ಕಾಣಿಕೆ ಕೊಟ್ಟ ರೊಟ್ಟಿಯವರ ಬುಟ್ಟಿ:
ಆರು ವರ್ಷ, ಪೀಪಾಯಿಗಳ ಪಕ್ಕ, ಕತ್ತಲಲ್ಲಿ.

ಮರಳಿ ಏರಿಸುವಾಗ ನಲವತ್ತೊಂದರಲ್ಲಿ
ಮೀನಿನ ಕಣ್ಣಿರಲಿಲ್ಲ.
ಗಾಜಿನ ಕೆಲಸದ ಒಬೆರ್ತೀನ್, ದುಡ್ಡಿಲ್ಲದ ಆ ವರ್ಷ,
ಒಡೆದ ಬಾಟಲಿಯ ಚೂರು ಉಜ್ಜಿ, ಸುತ್ತ ಸೀಸ ಬಾಗಿಸಿ
ಕೂರಿಸಿದಳು. ಯಾರಿಗೂ ಹೇಳಲಿಲ್ಲ.
ಪಾದ್ರಿಗೆ ಹೇಗೂ ಕಣ್ಣು ಮಂಜು.

ಈಗ ಅಟ್ಟಣಿಗೆಯ ಮೇಲೆ, ಒದ್ದೆ ಹತ್ತಿ ಹಿಡಿದು
ಮಸಿ ಒರೆಸುತ್ತ ಒರೆಸುತ್ತ ಕಂಡೆ:
ಕಣ್ಣೊಳಗೆ ತಲೆಕೆಳಗಾದ ಮೂರು ಅಕ್ಷರ,
ಯಾವುದೋ ಹೆಂಡದಂಗಡಿಯ ಹೆಸರಿನ ಬಾಲ.
'ತೆಗೆಯಿರಿ' ಅಂದಿತು ಕಚೇರಿಯ ಪತ್ರ, 'ಮೂಲದ್ದಲ್ಲ.'

ಮೂಲ ಯಾವುದು? ಗೋಪುರ ಎರಡು ಸಲ ಸುಟ್ಟಿದೆ.
ಉತ್ತರ ಬಾಗಿಲಿನ ಕಲ್ಲುರಾಣಿಗೆ ಮೂಗು ಯಾರೋ ಆಮೇಲೆ ಅಂಟಿಸಿದ್ದು.
ನೆಲದ ಹಂಚೊಂದರಲ್ಲಿ, ಹಸಿಯಿದ್ದಾಗಲೇ ದಾಟಿಹೋದ
ನಾಯಿಯ ಹೆಜ್ಜೆ.

ನಾಲ್ಕು ಗಂಟೆಗೆ ಬಿಸಿಲು ಪಡುವಣ ಗೋಡೆಗೆ ಬಂತು.
ಕೆಂಪು ನೀಲಿಗಳ ನಡುವೆ ಒಂದು ಅಗ್ಗದ ಹಸಿರು
ಕೆಳಗೆ ನೆಲ ಒರೆಸುವವಳ ಬಕೆಟ್ಟಿಗೆ ಬಿತ್ತು.
ಅವಳು ಬಟ್ಟೆ ಅದ್ದಿದಳು,
ಮೀನು ಕಣ್ಣು ಮಿಟುಕಿಸಿತು.

ಪತ್ರಕ್ಕೆ ಇನ್ನೂ ಉತ್ತರ ಬರೆದಿಲ್ಲ.