ಕೊನೆಗೆ ಮಡಚಿದ್ದು

ಬೈತಖೋಲದ ಧಕ್ಕೆ, ಇಳಿತದ ಹೊತ್ತು.
ದೋಣಿಯ ಹಿಂಬದಿಯಲ್ಲಿ ನಾನು, ಅರ್ಧ ಲೀಟರಿನ ಬಾಟಲಿ,
ಬಾಟಲಿಯ ಕುತ್ತಿಗೆಗೆ ದಾರ, ದಾರಕ್ಕೆ ಸೀಸದ ಗುಂಡು.
ಗುಂಡು, ಪುಂಡಲೀಕ ತಾಂಡೇಲರು ಕೊಟ್ಟ ಕೈಗಡ.

ಅವರು ಬಲೆ ಮಡಚಿಸುತ್ತಿದ್ದಾರೆ.
ಆ ಬದಿಗೆ ಬುರುಡೆ, ಈ ಬದಿಗೆ ಸೀಸ,
ನಡುವೆ ನೈಲಾನು, ಮಡಿಕೆಯ ಮೇಲೆ ಮಡಿಕೆ.
ಮುನ್ನೂರು ಮಾರು ಬಲೆ
ನಾಲ್ಕು ಎಮ್ಮೆ ಮಲಗುವಷ್ಟು ಜಾಗದಲ್ಲಿ.

"ಆ ನೀರಲ್ಲಿ ಎಂಥದು ಹುಡುಕ್ತೆ?"
ವೈರಸ್ಸು, ಎಂದೆ. ಟವೆಲ್ಲು ಬಾಯಿಗೆ ಹೋಯಿತು.
ಹೆದರಬೇಡಿ, ಇವು ನಮ್ಮ ತಂಟೆಗೆ ಬರುವವಲ್ಲ,
ಬ್ಯಾಕ್ಟೀರಿಯಾದ ಬೇಟೆಗೆ ಹೊರಟವು;
ನಿಮ್ಮ ಗಡ್ಡದಿಂದ ಈಗ ಬಿದ್ದ ಹನಿಯಲ್ಲೇ
ಕಾರವಾರದ ಜನಕ್ಕಿಂತ ಹೆಚ್ಚಿದ್ದಾವು.

ಒಂದೊಂದಕ್ಕೂ ಒಂದು ಪೆಟ್ಟಿಗೆ. ಇಪ್ಪತ್ತು ಮುಖ, ಒಂದೇ ಬಾಗಿಲು.
ಬಾಗಿಲಲ್ಲಿ ರಾಟೆ. ಅದು ಒಳಕ್ಕೆ ದೂಡುವುದು
ಪೆಟ್ಟಿಗೆಯ ಅಗಲಕ್ಕೆ ಮುನ್ನೂರು ಪಟ್ಟು ಉದ್ದದ ದಾರ.
ದಾರವೆಂದರೆ ತಪ್ಪಾದೀತು. ಹಸಿ ಬೆತ್ತ,
ಬಗ್ಗಿಸಿ ಬಿಟ್ಟರೆ ಸಿಡಿದು ನೆಟ್ಟಗಾಗುವಂಥದ್ದು.
ಮೈತುಂಬ ಋಣ.
"ಯಾರದ್ದು? ಸೊಸೈಟಿದೋ?"
ವಿದ್ಯುತ್ತಿನದು, ಎಂದೆ. ಋಣಕ್ಕೆ ಋಣ ಆಗದು,
ತನ್ನದೇ ಪಕ್ಕದ ಸುತ್ತನ್ನು ತಾನು ತಾಳದು;
ನಡುವೆ ಮೆಗ್ನೀಸಿಯಮ್ಮಿನ ಧನಕಣಗಳು ಕೂತು
ಅಷ್ಟಿಷ್ಟು ತೀರಿಸುತ್ತವೆ.

"ಅದೆಲ್ಲ ಸರಿ. ಒಳಗೆ ಮಡಚೋರು ಯಾರು?"

ಕೈ ನಿಲ್ಲಿಸದೆ ಕೇಳಿದರು.
ಕೋಡಿಬಾಗದ ಪ್ರಯೋಗಶಾಲೆಯಲ್ಲಿ ಎರಡು ವರ್ಷ
ಯಾರೂ ನನ್ನನ್ನು ಕೇಳದ ಪ್ರಶ್ನೆ.

ಯಾರೂ ಇಲ್ಲ.
ಸೆಟೆತ ಅದನ್ನು ಗೋಡೆಗೆ ಒತ್ತುತ್ತದೆ,
ಮುನಿಸು ಸುತ್ತಿನಿಂದ ಸುತ್ತನ್ನು ದೂರ ಇಡುತ್ತದೆ,
ಹೋಗಲು ಬೇರೆ ಜಾಗವಿಲ್ಲ.
ಕೊನೆಗೆ ಕೊಯ್ದು ನೋಡಿದರೆ ಜೇನುಹುಟ್ಟಿನ ಲೆಕ್ಕ:
ಪ್ರತಿ ಎಳೆಗೆ ಆರು ನೆರೆ. ಸಮ ಅಂತರ.

ತಾಂಡೇಲರು ಗಲ್ಲದಿಂದ ತೋರಿಸಿದರು:
ಆ ತುದಿಗೆ ಸಾವಳಾ, ಈ ತುದಿಗೆ ಅವನ ಭಾವ ಉಮಾಕಾಂತ.
ಪಾಲಿನ ಜಗಳ. ನೂಲು ಹುಣ್ಣಿಮೆಯಿಂದ ಮಾತಿಲ್ಲ.
"ಸಮ ಅಂತರ," ಎಂದರು.
"ಮಾಜಾಳಿಯಿಂದ ಬೇಲೇಕೇರಿವರೆಗೆ
ಇವರಷ್ಟು ಚಂದ ಮಡಚೋರಿಲ್ಲ."

ತುಂಬುತ್ತ ಬಂದಂತೆ ರಾಟೆ ನಿಧಾನ,
ಏದುತ್ತದೆ, ನಿಲ್ಲುತ್ತದೆ, ಒಮ್ಮೊಮ್ಮೆ ಹಿಂದಕ್ಕೆ ಜಾರುತ್ತದೆ.
ತುಂಬಿದ ಮೇಲೆ ಒಳಗಿನ ಒತ್ತಡ:
ಈ ಬಲೆಯನ್ನು ಆಳದ ನೀರಲ್ಲಿ ಉದ್ದಕ್ಕೆ ನಿಲ್ಲಿಸಿದರೆ
ಅದರ ಬುಡದಲ್ಲಿ ಇರುವಷ್ಟು.

ಅವರು ಎಡಗೈ ನೋಡಿಕೊಂಡರು.
ಉಂಗುರದ ಬೆರಳು ಮೊದಲ ಗೆಣ್ಣಿಗೇ ಮುಗಿಯುತ್ತದೆ.
ದೇವಗಡದ ದೀಪದ ಆಚೆ, ಬಂಗಡೆ ಕಂಡ ರಾತ್ರಿ,
ಹಗ್ಗ ಹೊರಟಾಗ ಬೆರಳು ಒಳಗಿತ್ತಂತೆ.

ಬಾಗಿಲು ತೆರೆದರೆ ಹಾಗೇ, ಎಂದೆ, ಕೊನೆಗೆ ಹೋದದ್ದು ಮೊದಲು.
ಆದರೆ ಅರ್ಧ ದಾಟುವಾಗ ಒಳಗೂ ಹೊರಗೂ ಒತ್ತಡ ಸಮ,
ಲೆಕ್ಕದ ಪ್ರಕಾರ ನಿಂತುಬಿಡಬೇಕು,
ನಿಲ್ಲುವುದಿಲ್ಲ, ಉಳಿದರ್ಧ ಹೇಗೆ…

"ಮೊದಲಿಂದು ನಾವು ಬಿಡೋದು.
ಆಮೇಲಿಂದು ಸಮುದ್ರ ಎಳೀತದೆ."
ಬಾಯಲ್ಲಿ ಕವಳ. ಇಷ್ಟೇ ಹೇಳಿ ಉಗಿದರು.

ಸಾಯಲಿರುವ ಜೀವಕೋಶವೇ
ತನ್ನ ಸಾವನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು
ನನ್ನ ವಹಿಯ ಅಂಚಲ್ಲಿ ಪೆನ್ಸಿಲಿನಲ್ಲಿ ಬರೆದದ್ದಿದೆ,
ಪಕ್ಕದಲ್ಲೊಂದು ಪ್ರಶ್ನಾರ್ಥಕ.

ಇಂಜಿನ್ನು ಎರಡು ಸಲ ಕೆಮ್ಮಿತು. ಕೂರ್ಮಗಡದ ಮೇಲೆ ಬಿಸಿಲು.
ಬಾಟಲಿಗೆ ಮುಚ್ಚಳ ತಿರುಗಿಸುತ್ತ ನಿಂತಿದ್ದೆ,
ಹೆಸರು, ಹೊತ್ತು, ಉಪ್ಪಿನ ಅಂಶ, ಇನ್ನೂ ಬರೆಯುವುದಿತ್ತು.

"ಕಾಲು," ಎಂದರು, ದನಿ ಏರಿಸದೆ.

ನೋಡಿದೆ:
ಕೊನೆಗೆ ಮಡಚಿದ ಸುತ್ತಿನ ನಡುವೆ
ನನ್ನ ಚಪ್ಪಲಿ.